17 ಪರ್ಸೆಂಟ್, ಮತ್ತೆ 55 ಪರ್ಸೆಂಟ್

ನನ್ನ ಎಡದ ಕಿವಿ ಹೋದದ್ದು ಎರಡನೇ ಕ್ಲಾಸಲ್ಲಿ ಇರುವಾಗ. ಕೆಪ್ಪಟ್ರಾಯ ಬಂದಿತ್ತು, ಆ ವರ್ಷ ನಮ್ಮ ಶಾಲೆಯಲ್ಲಿ ಸುಮಾರು ಮಕ್ಕಳಿಗೆ ಬಂದಿತ್ತು, ಎಲ್ಲರ ಕೆನ್ನೆ ಊದಿ ಮತ್ತೆ ಇಳಿಯಿತು, ನನ್ನದೂ ಇಳಿಯಿತು, ಆದ್ರೆ ಎಡಗಿವಿಗೆ ಶಬ್ದ ತಿರುಗಿ ಬರ್ಲೇ ಇಲ್ಲ. ಇನ್ನೊಂದು ಕಿವಿ ಸರಿ ಇದ್ದ ಕಾರಣ ನನಗೇ ಗೊತ್ತಾಗ್ಲಿಲ್ಲ. ಎರಡು ವರ್ಷ ಕಳೆದು ಮಾವನ ಮನೆಗೆ ಫೋನ್ ಬಂತು, ಅಜ್ಜಿ ಹತ್ರ ಮಾತಾಡು ಅಂತ ರಿಸೀವರ್ ಕೊಟ್ರು, ನಾನು ಎಡದ ಕಿವಿಗೆ ಇಟ್ಟು "ಇದ್ರಲ್ಲಿ ಎಂತದೂ ಬರುದಿಲ್ಲ" ಅಂದೆ. ಮಾವ ತಗೊಂಡು ನೋಡಿದ್ರೆ ಅಜ್ಜಿ ಆಚೆಯಿಂದ ಮಾತಾಡ್ತಾನೇ ಇದ್ರು. ಅವತ್ತಿಂದ ಊರಲ್ಲಿ ಕೆಲವರ ಬಾಯಲ್ಲಿ ನಾನು ಕೆಪ್ಪಿ ಆದೆ.

ನಾನಿರುದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ರ, ಮನೆಯಲ್ಲೇ ಹೊಲಿಗೆ ಕೆಲಸ. ಕಿವಿ ಕೇಳದವರ ಸರ್ಟಿಫಿಕೇಟು, ಪೆನ್ಶನ್ ಇದ್ರ ಬಗ್ಗೆ ಕನ್ನಡದಲ್ಲಿ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು. ಯಾಕಂದ್ರೆ ನಮ್ಮ ಕಡೆ ಇದನ್ನು ಹೇಳಿಕೊಡುವವರೆಲ್ಲ ಮಲಯಾಳದಲ್ಲಿ ಹೇಳ್ತಾರೆ, ನಮ್ಮಂತವರು ತುಟಿ ನೋಡಿ ಮಾತು ಹಿಡಿಯುವವರು, ಕನ್ನಡ ತುಳು ಆದ್ರೆ ತುಟಿಯಲ್ಲಿ ಓದ್ತೇನೆ, ಮಲಯಾಳ ನನ್ನ ಕಣ್ಣಿಗೆ ಬರುದಿಲ್ಲ. ಕನ್ನಡದಲ್ಲೂ ಅದೇನು ಸುಲಭ ಅಲ್ಲ, ಬ ಮತ್ತು ಮ ತುಟಿಯಲ್ಲಿ ಒಂದೇ ಥರ ಕಾಣ್ತದೆ, ಬರ ಅಂದ್ರಾ ಮರ ಅಂದ್ರಾ ಅಂತ ಮುಂದಿನ ಶಬ್ದ ಬಂದ ಮೇಲೆ ಗೊತ್ತಾಗುದು, ಅಷ್ಟರಲ್ಲಿ ಮಾತಾಡಿದವರು ಇನ್ನೊಂದು ವಿಷಯಕ್ಕೆ ಹೋಗಿರ್ತಾರೆ.

ಮೊದಲ ಸಲ ನಾನು ಸರ್ಟಿಫಿಕೇಟಿಗೆ ಹೋದದ್ದು 2019ರಲ್ಲಿ. ಅತ್ತಿಗೆ ಹೇಳಿದ್ರು, ಒಂದು ಕಿವಿ ಪೂರ್ತಿ ಇಲ್ಲ ಅಲ್ವಾ, ಐವತ್ತು ಪರ್ಸೆಂಟ್ ಅಂಗವೈಕಲ್ಯ ಅಂತ ಆದ್ರೂ ಬರೆದು ಕೊಡ್ತಾರೆ ಅಂತ. ನನಗೂ ಹಾಗೇ ಅನ್ನಿಸಿತ್ತು, ಎರಡರಲ್ಲಿ ಒಂದು ಹೋದ್ರೆ ಅರ್ಧ ಅಲ್ವಾ. ಕೊಟ್ಟದ್ದು 17. ನಾನು ಆಸ್ಪತ್ರೆ ವರಾಂಡದಲ್ಲೇ ಅತ್ತೆ, ದುಡ್ಡಿನ ವಿಷಯಕ್ಕಲ್ಲ, ಮೂವತ್ತು ವರ್ಷ ಹತ್ತಿರ ಹತ್ತಿರ ನಾನು ಪಟ್ಟದ್ದಕ್ಕೆ ಇವರು ಇಟ್ಟ ಬೆಲೆ ಇಷ್ಟೇನಾ ಅಂತ. ಯಾರೂ ಅವತ್ತು ಲೆಕ್ಕ ಹೇಳಿಕೊಡ್ಲಿಲ್ಲ. ಹೇಳಿದ್ರೆ ಅಷ್ಟು ಬೇಜಾರು ಆಗ್ತಿರ್ಲಿಲ್ಲ.

ಲೆಕ್ಕ ಹೀಗೆ. ಪ್ರತಿ ಕಿವಿಗೆ ಬೇರೆ ಬೇರೆ ಟೆಸ್ಟ್ ಮಾಡ್ತಾರೆ, ಸಣ್ಣ ರೂಮಲ್ಲಿ ಹೆಡ್‌ಫೋನ್ ಹಾಕಿ ಕೂರಿಸ್ತಾರೆ, ಪೀಂ ಅಂತ ಶಬ್ದ ಬಂದಾಗ ಬಟನ್ ಒತ್ತಬೇಕು. 500, 1000, 2000, 4000 ಹರ್ಟ್ಸ್, ದಪ್ಪ ಸ್ವರದಿಂದ ತೆಳು ಸ್ವರದವರೆಗಿನ ಈ ನಾಲ್ಕು ಶಬ್ದ ಎಷ್ಟು ಡೆಸಿಬಲ್‌ಗೆ ಏರಿಸಿದಾಗ ನಿಮಗೆ ಕೇಳಿತು ಅಂತ ನೋಡಿ ಸರಾಸರಿ ತೆಗೀತಾರೆ, ಆ ಸರಾಸರಿಗೆ ಸರಕಾರದ ಟೇಬಲಲ್ಲಿ ಒಂದು ಪರ್ಸೆಂಟ್ ಉಂಟು. ಮತ್ತೆ ಒಳ್ಳೆ ಕಿವಿಯ ಪರ್ಸೆಂಟನ್ನು ಐದರಿಂದ ಗುಣಿಸಿ, ಹಾಳಾದ ಕಿವಿಯ ಪರ್ಸೆಂಟ್ ಕೂಡಿಸಿ, ಆರರಿಂದ ಭಾಗ ಮಾಡುದು. ನನ್ನ ಬಲದ ಕಿವಿ ಆಗ ಸರಿ ಇತ್ತು, ಸೊನ್ನೆ. ಎಡದ್ದು 100. ಸೊನ್ನೆಯನ್ನು ಐದರಿಂದ ಗುಣಿಸಿದ್ರೂ ಸೊನ್ನೆಯೇ, 100ನ್ನು ಆರರಿಂದ ಭಾಗಿಸಿದ್ರೆ 16.6, ಅದು 17 ಆಯ್ತು. ಒಂದೇ ಕಿವಿ ಹೋದವರಿಗೆ ಎಷ್ಟು ಹೋದ್ರೂ ಇದಕ್ಕಿಂತ ಮೇಲೆ ಹೋಗುದೇ ಇಲ್ಲ, ಪೆನ್ಶನ್ ಮೀಸಲಾತಿ ಇಂತದ್ದಕ್ಕೆಲ್ಲ ಬೇಕಾದ್ದು 40. ಇದನ್ನು ಮನೆಯಿಂದ ಹೊರಡುವ ಮೊದಲೇ ತಿಳ್ಕೊಂಡು ಹೋಗಿ ಅಂತ ನಾನು ಎಲ್ಲರಿಗೂ ಹೇಳ್ತೇನೆ.

ಒಂದು ಕಿವಿ ಇಲ್ಲದವರ ಕಷ್ಟ ಸುಳ್ಳು ಅಂತ ಯಾರೂ ತಿಳೀಬಾರ್ದು. ಶಬ್ದ ಯಾವ ಕಡೆಯಿಂದ ಬರ್ತದೆ ಅಂತ ತಿಳಿಯುದಿಲ್ಲ, ರಸ್ತೆ ದಾಟುವಾಗ ಬಸ್ಸಿನ ಹಾರ್ನ್ ಕೇಳ್ತದೆ, ಬಸ್ಸು ಎಲ್ಲಿಂದ ಬರ್ತದೆ ಅಂತ ಗೊತ್ತಾಗುದಿಲ್ಲ. ಮದುವೆ ಊಟಕ್ಕೆ ಹೋದ್ರೆ ಸಾಲಿನ ಎಡಗಡೆ ಕೊನೆ ಎಲೆ ಹುಡುಕಿ ಕೂರ್ತಿದ್ದೆ, ಎಲ್ಲರೂ ನನ್ನ ಬಲಕ್ಕೆ ಇರ್ಲಿ ಅಂತ. ಟೇಬಲಲ್ಲಿ ಇದಕ್ಕೆಲ್ಲ ಕಾಲಂ ಇಲ್ಲ.

ಬಲದ ಕಿವಿ ಹಾಳಾಗ್ತಾ ಉಂಟು ಅಂತ ಗೊತ್ತಾದದ್ದು 2020ರಲ್ಲಿ, ಮಾಸ್ಕಿನಿಂದ. ಎಲ್ಲರೂ ಬಾಯಿ ಮುಚ್ಚಿಕೊಂಡ್ರು, ನನಗೆ ಒಂದೇ ಸಲಕ್ಕೆ ಜನರ ಮಾತು ನಿಂತ ಹಾಗೆ ಆಯ್ತು. ಅಳತೆ ಕೊಡ್ಲಿಕ್ಕೆ ಬಂದವರು ಬ್ಲೌಸಿನ ತೋಳು ಎಷ್ಟು ಇಡ್ಬೇಕು ಅಂತ ಹೇಳ್ತಾರೆ, ನನಗೆ ಮಾಸ್ಕಿನ ಬಟ್ಟೆ ಅಲುಗುದು ಮಾತ್ರ ಕಾಣ್ತದೆ. ಅಲ್ಲಿವರೆಗೆ ನಾನು ಕೇಳ್ತಾ ಇದ್ದೇನೆ ಅಂತ ತಿಳ್ಕೊಂಡದ್ದರಲ್ಲಿ ಅರ್ಧದಷ್ಟು ನೋಡ್ತಾ ಇದ್ದದ್ದು ಅಂತ ಆಗ ಅರ್ಥ ಆಯ್ತು. ಮಂಗಳೂರಲ್ಲಿ ತೋರಿಸಿದೆವು, ನರದ್ದು, ಆಪರೇಶನ್ ಇಲ್ಲ, ಕಿವಿಗೆ ಮೆಷಿನ್ ಹಾಕಿ ಅಂದ್ರು. ಮೆಷಿನಿನ ರೇಟು ಕೇಳಿ ಇವರೂ ನಾನೂ ಮಾತಾಡದೆ ಬಸ್ ಹತ್ತಿದೆವು.

2024ರಲ್ಲಿ ಮಗಳು ಹಠ ಮಾಡಿ ಪುನಃ ಅರ್ಜಿ ಹಾಕಿಸಿದ್ಲು. ಈಗ ಎಲ್ಲ ಆನ್‌ಲೈನ್, ಸ್ವಾವಲಂಬನ್ ಅಂತ ಸೈಟು, ಅದ್ರಲ್ಲಿ ಯುಡಿಐಡಿ ಕಾರ್ಡಿಗೆ, ಅಂದ್ರೆ ಅಂಗವಿಕಲರ ಗುರುತಿನ ಕಾರ್ಡಿಗೆ, ಅರ್ಜಿ. ನಾವು ಅಕ್ಷಯ ಅಂತ ಕೇರಳದಲ್ಲಿ ಸರಕಾರಿ ಅರ್ಜಿ ಹಾಕಿಕೊಡುವ ಸೆಂಟರಿಗೆ ಹೋಗಿ ಹಾಕಿಸಿದ್ದು, ಆಧಾರ್, ಫೋಟೋ, ಹಳೆ ಚೀಟಿಗಳು. ಹಳೆ ಚೀಟಿ ಬಿಸಾಡ್ಬೇಡಿ, ಕಿವಿಯ ಗ್ರಾಫ್ ಇರುವ ಪೇಪರು ಎಷ್ಟೇ ಹಳೆದಾದ್ರೂ ಇರ್ಲಿ, ನನ್ನ 2019ರ ಗ್ರಾಫ್ ಮತ್ತು ಹೊಸದ್ದು ಅಕ್ಕಪಕ್ಕ ಇಟ್ಟು ನೋಡಿದಾಗ ಡಾಕ್ಟ್ರಿಗೆ ಬೇರೆ ಎಂತದೂ ಕೇಳ್ಬೇಕಾಗಿ ಬರ್ಲಿಲ್ಲ.

ಮೆಡಿಕಲ್ ಬೋರ್ಡಿನ, ಅಂದ್ರೆ ಪರ್ಸೆಂಟ್ ನಿರ್ಧಾರ ಮಾಡುವ ಡಾಕ್ಟ್ರುಗಳ, ಎದುರು ಹೋದ ದಿನದ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳ್ಬೇಕು. ಅವತ್ತು ಬಂದವರಲ್ಲಿ ನಮ್ಮ ಸಾಲಿನಲ್ಲಿ ಇದ್ದವರೆಲ್ಲ ಕಿವಿ ಕೇಳದವರು, ಹೆಸರು ಕರೆಯುದು ಮಾತ್ರ ಬಾಗಿಲಲ್ಲಿ ನಿಂತು ಬಾಯಲ್ಲಿ. ಮಗಳು ಜೆರಾಕ್ಸಿಗೆ ಹೋಗಿದ್ಲು, ಆ ಹೊತ್ತಲ್ಲೇ ನನ್ನ ಹೆಸರು ಕರೆದಿದ್ದಾರೆ, ಮೂರು ಸಲ ಕರೆದ್ರಂತೆ. ನಾನು ಅಲ್ಲೇ ಎದುರು ಬೆಂಚಲ್ಲಿ ಇದ್ದೆ. ಒಂದೂಕಾಲು ಗಂಟೆ ಆಗುವಾಗ ವಿಚಾರಿಸಿದ್ರೆ ನೀವು ಬರ್ಲಿಲ್ಲ ಅಲ್ವಾ, ಮುಂದಿನ ಸಲ ಬನ್ನಿ ಅಂದ್ರು. ಯಾವ ಆಸ್ಪತ್ರೆ ಅಂತ ನಾನು ಬರೆಯುದಿಲ್ಲ, ಅಲ್ಲಿ ನನಗೆ ಮತ್ತೆ ಒಳ್ಳೆದು ಮಾಡಿದವರೂ ಇದ್ದಾರೆ. ಆದ್ರೆ ಕಿವಿ ಕೇಳುದಿಲ್ಲ ಅಂತ ಸಾಬೀತು ಮಾಡ್ಲಿಕ್ಕೆ ಬಂದವರನ್ನು ಕೂಗಿ ಕರೆದು, ಬರ್ಲಿಲ್ಲ ಅಂತ ಬರ್ಕೊಳ್ಳುದು ಅನ್ಯಾಯ. ಒಂದು ನಂಬರ್ ಬೋರ್ಡು ಸಾಕಿತ್ತು.

ಎರಡನೇ ದಿನಕ್ಕೆ ಹೋಗುವಾಗ ಮಗಳು ಒಂದು ರಟ್ಟಿನಲ್ಲಿ ದೊಡ್ಡ ಅಕ್ಷರದಲ್ಲಿ ಮೇಲೆ ಮಲಯಾಳ ಕೆಳಗೆ ಕನ್ನಡದಲ್ಲಿ ಬರೆದುಕೊಟ್ಲು, "ನನಗೆ ಕಿವಿ ಕೇಳುದಿಲ್ಲ, ನಂಬರ್ ಬಂದಾಗ ಕೈ ಮಾಡಿ ಕರೆಯಿರಿ". ಸಿಸ್ಟರಿಗೆ ತೋರಿಸಿದೆ, ಅವರು ಓದಿ ನನ್ನ ಕೈ ಹಿಡಿದು ಅವರ ಟೇಬಲಿನ ಎದುರೇ ಕೂರಿಸಿದ್ರು. ಹೋಗುವವರು ಇದೊಂದು ಮಾಡಿ, ನಾಚಿಕೆ ಪಡ್ಬೇಡಿ. ಅರ್ಜಿ, ದೂರು ಏನಿದ್ರೂ ಕನ್ನಡದಲ್ಲೇ ಬರೆದು ಕೊಡ್ಲಿಕ್ಕೆ ಆಗ್ತದೆ, ಕಾಸರಗೋಡು ಮಂಜೇಶ್ವರ ತಾಲೂಕು ಭಾಷಾ ಅಲ್ಪಸಂಖ್ಯಾತ ಪ್ರದೇಶ, ಅದು ನಮಗಿರುವ ಹಕ್ಕು.

ಟೆಸ್ಟ್ ಮಾಡಿದ ಹುಡುಗಿ ಕಣ್ಣೂರಿನವಳು, ಚೇಚೀ ಚೇಚೀ ಅಂತ ತುಂಬಾ ಪ್ರೀತಿಯಿಂದ ಮಾತಾಡಿಸಿದ್ಲು. ಪೀಂ ಶಬ್ದದ ಟೆಸ್ಟ್ ಮುಗಿದ ಮೇಲೆ ಪದ ಹೇಳಿ ತಿರುಗಿ ಹೇಳಿಸುವ ಟೆಸ್ಟೂ ಉಂಟು, ಅದ್ರಲ್ಲಿ ಬಂದದ್ದೆಲ್ಲ ಮಲಯಾಳ ಪದ. ನನಗೆ ಎದೆ ಢವಢವ ಅಂತ ಹೊಡ್ಕೊಳ್ಳಿಕ್ಕೆ ಶುರು ಆಯ್ತು, ತಪ್ಪು ಹೇಳಿದ್ರೆ ನಾನು ನಾಟಕ ಮಾಡ್ತೇನೆ ಅಂತ ತಿಳ್ಕೊಂಡ್ರೆ ಎಂತ ಮಾಡುದು. ಕಿವಿಗೆ ಸಿಗ್ಲಿಲ್ಲವಾ ಭಾಷೆಗೆ ಸಿಗ್ಲಿಲ್ಲವಾ ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು. ನಾನು ಮನೆಭಾಷೆ ಕನ್ನಡ ಅಂತ ಹೇಳಿದೆ. ಅವಳು ಪೇಪರಿನಲ್ಲಿ ಅದನ್ನು ಬರ್ಕೊಂಡ್ಲು, ಮತ್ತೆ ಮಗಳಿಗೆ ವಿವರಿಸಿ ಹೇಳಿದ್ಲು, ಪರ್ಸೆಂಟಿನ ಲೆಕ್ಕಕ್ಕೆ ಬರುದು ಆ ಪೀಂ ಶಬ್ದದ ಸರಾಸರಿ ಮಾತ್ರ, ಪದ ಹೇಳುವ ಟೆಸ್ಟ್ ಅದಕ್ಕೆ ಸೇರುದಿಲ್ಲ ಅಂತ. ಮೇಲೆ ಬರೆದ ಲೆಕ್ಕ ಎಲ್ಲ ಅವಳೇ ಒಂದು ಚೀಟಿಯ ಹಿಂದೆ ಬರೆದು ತೋರಿಸಿದ್ದು. ಐದು ವರ್ಷದ ಹಿಂದೆ ಇದನ್ನೇ ಯಾರಾದ್ರೂ ಎರಡು ನಿಮಿಷ ಕೂತು ತೋರಿಸಿದ್ರೆ!

ಆಮೇಲೆ ಬೆರಾ ಅಂತ ಇನ್ನೊಂದು ಮಾಡಿದ್ರು, ಹಣೆಗೂ ಕಿವಿ ಹಿಂದೆಗೂ ವಯರ್ ಅಂಟಿಸಿ ಸುಮ್ಮನೆ ಮಲಗಿಸುದು, ಕಿವಿಗೆ ಶಬ್ದ ಬಿಟ್ಟು ನರ ಹೇಗೆ ಕೆಲಸ ಮಾಡ್ತದೆ ಅಂತ ಮೆಷಿನೇ ನೋಡ್ತದೆ, ನಾವು ಬಟನ್ ಒತ್ತುದು ಎಂತ ಇಲ್ಲ. ಸುಳ್ಳು ಹೇಳಿ ಸರ್ಟಿಫಿಕೇಟ್ ತೆಗೆಯುವವರು ಇರ್ತಾರೆ, ಅದಕ್ಕೆ ಅದು ಬೇಕು, ನಿಜ ಇರುವವರಿಗೆ ಅದ್ರಿಂದ ಧೈರ್ಯವೇ. ಟೆಸ್ಟಿಗೆ ಹೋಗುವ ಮೊದಲು ಕಿವಿಯಲ್ಲಿ ಗುಗ್ಗೆ ಇದ್ರೆ ಡಾಕ್ಟ್ರ ಹತ್ರ ತೆಗೆಸಿಕೊಂಡು ಹೋಗಿ, ಶೀತ ಇದ್ರೆ ಮೊದಲೇ ಹೇಳಿ, ಇಲ್ಲಾಂದ್ರೆ ಇದು ಕಮ್ಮಿ ಆದ ಮೇಲೆ ಬನ್ನಿ ಅಂತ ವಾಪಸ್ ಕಳಿಸ್ತಾರೆ, ಪೆರ್ಲದಿಂದ ಹೋಗಿ ಬರುವಾಗ ಒಂದು ದಿನದ ಕೆಲಸ ಹೋಗ್ತದೆ.

ಈ ಸಲ ಬಲದ ಕಿವಿ 46, ಎಡದ್ದು ಅದೇ 100. 46ನ್ನು ಐದರಿಂದ ಗುಣಿಸಿದ್ರೆ 230, ಅದಕ್ಕೆ 100 ಕೂಡಿಸಿ 330, ಆರರಿಂದ ಭಾಗಿಸಿ 55. ಆ ನಂಬರ್ ನೋಡಿ ಸಂತೋಷ ಪಡ್ಬೇಕಾ ದುಃಖ ಪಡ್ಬೇಕಾ ಅಂತ ಗೊತ್ತಾಗ್ಲಿಲ್ಲ, ನನ್ನ ಒಳ್ಳೆ ಕಿವಿ ಹಾಳಾದ್ದಕ್ಕೆ ತಾನೇ ಅದು ಏರಿದ್ದು. ಬಸ್ಸಲ್ಲಿ ಮಗಳು ನನ್ನ ಬಲಕ್ಕೆ ಕೂತು ಕೈ ಹಿಡ್ಕೊಂಡೇ ಇದ್ಲು.

ಕಾರ್ಡು ಹಳದಿ ಪಟ್ಟಿಯದ್ದು ಬಂತು. 40ಕ್ಕಿಂತ ಕಮ್ಮಿ ಇದ್ರೆ ಬಿಳಿ, 40ರಿಂದ 79ರವರೆಗೆ ಹಳದಿ, 80ರಿಂದ ಮೇಲೆ ನೀಲಿ. ಗಡಿಯಲ್ಲಿರುವ ನಮಗೆ ಒಂದು ಉಪಕಾರ ಎಂತ ಅಂದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಈ ಸರ್ಟಿಫಿಕೇಟು ಇಡೀ ದೇಶಕ್ಕೆ ಆಗ್ತದೆ, ನಾಳೆ ಮಗಳ ಜೊತೆ ಮಂಗಳೂರಲ್ಲಿ ಇರ್ಬೇಕಾಗಿ ಬಂದ್ರೂ ಪುನಃ ಬೋರ್ಡಿನ ಎದುರು ಕೂರ್ಬೇಕಂತ ಇಲ್ಲ. ಪೆನ್ಶನ್ ಮಾತ್ರ ಆಯಾ ರಾಜ್ಯದ್ದು.

ಪೆನ್ಶನಿಗೆ ಪಂಚಾಯತಿಗೆ ಅರ್ಜಿ, ಜೊತೆಗೆ ವಿಲೇಜ್ ಆಫೀಸಿನ ಆದಾಯ ಸರ್ಟಿಫಿಕೇಟು, ಮನೆಯ ವರ್ಷದ ಆದಾಯ ಒಂದು ಲಕ್ಷದ ಒಳಗೆ ಇರ್ಬೇಕು. ನನಗೆ ಪಾಸಾದಾಗ ತಿಂಗಳಿಗೆ 1600 ಇತ್ತು, 2025ರ ನವೆಂಬರಿನಿಂದ 2000 ಆಗಿದೆ. ವರ್ಷಕ್ಕೊಮ್ಮೆ ಅಕ್ಷಯದಲ್ಲಿ ಮಸ್ಟರಿಂಗ್, ಅಂದ್ರೆ ಬದುಕಿದ್ದೇವೆ ಅಂತ ಗುರುತು ತೋರಿಸುದು, ಮಾಡ್ಬೇಕು, ಅದನ್ನು ಮರೆತ್ರೆ ನಿಲ್ತದೆ. ರೈಲಿನ ರಿಯಾಯಿತಿ ನನಗೆ ಇಲ್ಲ, ಅದು ಕಿವಿ ಮತ್ತು ಮಾತು ಎರಡೂ ಪೂರ್ತಿ ಇಲ್ಲದವರಿಗೆ ಮಾತ್ರ. ಟ್ಯಾಕ್ಸ್ ಕಟ್ಟುವವರಾದ್ರೆ 40ರಿಂದ ಮೇಲೆ ಇದ್ದವರಿಗೆ ಇನ್‌ಕಂ ಟ್ಯಾಕ್ಸ್ ಹಳೆ ಪದ್ಧತಿಯಲ್ಲಿ 75,000, 80ರಿಂದ ಮೇಲೆ 1,25,000 ಆದಾಯದಲ್ಲಿ ಕಳೀಲಿಕ್ಕೆ ಉಂಟು. ಸಣ್ಣ ಮಕ್ಕಳಿರುವವರು ದಯವಿಟ್ಟು ಕಾಯ್ಬೇಡಿ, ಐದು ವರ್ಷದೊಳಗಿನ ಮಕ್ಕಳ ಕಾಕ್ಲಿಯರ್ ಆಪರೇಶನಿಗೆ (ಕಿವಿಯ ಒಳಗೆ ಕೇಳುವ ಮೆಷಿನ್ ಇಡುದು) ಕೇರಳದಲ್ಲಿ ಶ್ರುತಿತರಂಗಂ ಅಂತ ಯೋಜನೆ ಉಂಟು, ದೊಡ್ಡ ಆದ ಮೇಲೆ ಸರಿ ಆಗ್ತದೆ ಅಂತ ಕೂತ್ರೆ ಮಗುವಿಗೆ ಮಾತು ಕಲಿಯುವ ಪ್ರಾಯ ಕಳೆದು ಹೋಗ್ತದೆ.

ನನ್ನ ಮೆಷಿನು ಬಲದ ಕಿವಿಗೆ, ಕಿವಿಯ ಹಿಂದೆ ಕೂರುವಂತದ್ದು. ಪೆನ್ಶನಿನ ದುಡ್ಡಲ್ಲಿ ನಾನು ಮೊದಲು ತಂದದ್ದು ಅದರ ಬ್ಯಾಟರಿ. ನಮ್ಮ ಮಳೆಗಾಲಕ್ಕೆ ಅದು ತಡೀಲಿಕ್ಕೆ ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡ್ಬೇಕು. ಮೊದಲ ದಿನ ಹಾಕಿಕೊಂಡು ಹೊಲಿಗೆ ಮೆಷಿನ್ ತುಳಿದೆ, ಅಷ್ಟು ಶಬ್ದ ಮಾಡ್ತದೆ ಅಂತ ನನಗೆ ಮರೆತೇ ಹೋಗಿತ್ತು.

ಈಗ ನೆರೆಮನೆಯ ಮಾವನನ್ನು ಕರ್ಕೊಂಡು ಹೋಗ್ಲಿಕ್ಕೆ ಉಂಟು. ಇಪ್ಪತ್ತು ವರ್ಷ ಕೆಂಪುಕಲ್ಲಿನ ಪಣೆಯಲ್ಲಿ ಕಲ್ಲು ಕೊಯ್ಯುವ ಮೆಷಿನಿನ ಹತ್ರ ನಿಂತವರು, ಕಿವಿಗೆ ಒಂದು ಹತ್ತಿ ಸಹ ಇಟ್ಟವರಲ್ಲ. ಅಂತ ಶಬ್ದ ಮೊದಲು ತಿನ್ನುದು 4000 ಹರ್ಟ್ಸಿನ ಹತ್ರದ್ದನ್ನು, ಕೆಳಗಿನ 500, 1000 ಸರಿಯೇ ಇರ್ತದೆ. ಹಾಗಾಗಿ ಅವರಿಗೆ ಯಾರೋ ಮಾತಾಡ್ತಾರೆ ಅಂತ ಕೇಳ್ತದೆ, ಸ ತ ಕ ಇಂತದ್ದು ಸಿಗುದಿಲ್ಲ, ಮಾತು ಎಂತ ಅಂತ ತಿಳಿಯುದಿಲ್ಲ. ನಾಲ್ಕರ ಸರಾಸರಿ ತೆಗೆದ್ರೆ ಪರ್ಸೆಂಟ್ 40 ಮುಟ್ಟದೆ ಇರ್ಲಿಕ್ಕೂ ಸಾಕು. ಅದನ್ನು ನಾನು ಅವರಿಗೆ ಬರೆದು ತೋರಿಸಿದೆ. ಅವರು ಎರಡು ಸಲ ಓದಿ, "ಆದ್ರೂ ಹೋಗುವ ಮಗಾ, ಎಷ್ಟು ಹೋಗಿದೆ ಅಂತ ನನಗೆ ಗೊತ್ತಾಗ್ಲಿ" ಅಂದ್ರು. ಬರುವ ಮಂಗಳವಾರ ಹೊರಡುದು, ಗುಗ್ಗೆ ತೆಗೆಸಿ ಆಗಿದೆ, ಆಧಾರಿನ ಜೆರಾಕ್ಸು ಮತ್ತು ಆ ರಟ್ಟು ನನ್ನ ಚೀಲದಲ್ಲೇ ಉಂಟು.