ಆಗ್ನೆಸ್ ಕಡೆಗೂ ಒಮ್ಮೆ ಹೋಗಿ ಬನ್ನಿ

ಮಂಗಳೂರಿಗೆ ಬಂದವರೆಲ್ಲ ಅಲೋಶಿಯಸ್ ಚಾಪೆಲ್ ನೋಡಿಕೊಂಡು ಹೋಗುತ್ತಾರೆ. ನೋಡಲೇಬೇಕು ಬಿಡಿ, ಇಟಲಿಯ ಚಿತ್ರಕಾರ ಮೊಸ್ಕೇನಿ ಬಿಡಿಸಿದ ಚಿತ್ರಗಳು ಹಾಗಿವೆ. ಆದರೆ ಅದೇ ಊರಿನ ಬೆಂದೂರಿನಲ್ಲಿರುವ ಸಂತ ಆಗ್ನೆಸ್ ಕಾಲೇಜಿನ ಹೆಸರನ್ನು ಯಾವ ಪ್ರವಾಸಿಯ ಬಾಯಲ್ಲೂ ನಾನು ಕೇಳಿಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಕಾಲೇಜು ಶುರುವಾದದ್ದು 1921ರಲ್ಲಿ. ಆಗ ಮಂಗಳೂರು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಊರಿನ ಹುಡುಗರಿಗೆ 1880ರಿಂದಲೇ ಅಲೋಶಿಯಸ್ ಕಾಲೇಜು ಇತ್ತು. ಹುಡುಗಿಯರಿಗೆ? 1914ರಲ್ಲಿ ಕ್ವೀನ್ ಮೇರೀಸ್, ಮರುವರ್ಷ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು ಶುರುವಾಗಿದ್ದವು, ಆದರೆ ಎರಡೂ ಇದ್ದದ್ದು ಮದ್ರಾಸಿನಲ್ಲಿ. ಮಗಳನ್ನು ರೈಲು ಹತ್ತಿಸಿ ಅಷ್ಟು ದೂರ ಓದಲು ಕಳಿಸುವ ಧೈರ್ಯ ಎಷ್ಟು ಮನೆಗಳಿಗಿದ್ದೀತು, ಹೇಳಿ. ಅಂಥ ಹೊತ್ತಿನಲ್ಲಿ ಮದರ್ ಅಲೋಶಿಯಾ ಈ ಕಾಲೇಜು ತೆರೆದರು. ಅವರ ಅಪೋಸ್ತಲಿಕ್ ಕಾರ್ಮೆಲ್ ಎಂಬ ಕ್ರೈಸ್ತ ಸನ್ಯಾಸಿನಿಯರ ಸಭೆಯ ಮೊದಲ ಸಿಸ್ಟರ್‌ಗಳು ಫ್ರಾನ್ಸಿನಿಂದ ಹಡಗು ಹತ್ತಿ 1870ರಲ್ಲೇ ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಪಾಠ ಹೇಳಲು ಶುರುಮಾಡಿದ್ದರು. ಶಾಲೆಯಿಂದ ಕಾಲೇಜಿಗೆ ಬರಲು ಐವತ್ತು ವರ್ಷ ಹಿಡಿಯಿತು ಅಂದರೆ ಯೋಚನೆ ಮಾಡಿ.

ಕರಾವಳಿಯ ಆ ಕಾಲದ ಕಟ್ಟಡಗಳನ್ನು ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಮಾಡಿನ, ಅಂದರೆ ಸೂರಿನ ಕಡೆಗೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಹಾಕಿದ ಮೇಲೆ ಇಲ್ಲಿನ ಶಾಲೆ, ಚರ್ಚು, ಮನೆ ಎಲ್ಲದರ ರೂಪವೇ ಬದಲಾಯಿತು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಹಂಚು, ಇಳಿಜಾರು ಮಾಡು, ನೀರು ಸರ್ರನೆ ಜಾರಿ ಹೋಗುತ್ತದೆ. ಒಂದು ಹಂಚು ಒಡೆದರೆ ಅದೊಂದನ್ನೇ ಬದಲಿಸಿದರಾಯಿತು. ಗೋಡೆಗೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿರುವ ಈ ಕಲ್ಲು ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಇನ್ನು ಉದ್ದನೆಯ ಜಗಲಿ ಸುಮ್ನೆ ಚಂದಕ್ಕಲ್ಲ, ಬಿಸಿಲನ್ನೂ ಎರಚಲನ್ನೂ ಹೊರಗೇ ತಡೆದು ತರಗತಿಯ ಕಿಟಕಿಗಳನ್ನು ಮಳೆಗಾಲದಲ್ಲೂ ತೆರೆದಿಡಲು ಅದು ಬೇಕೇ ಬೇಕು.

ನೂರು ವರ್ಷ ದಾಟಿದ ಕಾಲೇಜಿಗೆ ಹೊಸ ಬ್ಲಾಕ್‌ಗಳು ಬೇಕು, ಲ್ಯಾಬ್ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮ ಊರುಗಳಲ್ಲಿ ಹಂಚಿನ ಕಟ್ಟಡ ಅಂದ ಕೂಡಲೇ ಕೆಡವುವ ಮಾತೇ ಜಾಸ್ತಿ, ಅಲ್ವಾ? ಹಂಚನ್ನು ಹೊರುವ ಮರದ ಪಕ್ಕಾಸು, ರೀಪು ಗೆದ್ದಲು ಹಿಡಿಯದಂತೆ ನೋಡಿಕೊಂಡು, ಮಳೆಗೆ ಮುಂಚೆ ಹಂಚು ಕೈಯಾಡಿಸಿದರೆ ಇವು ಇನ್ನೂ ಎಷ್ಟೋ ವರ್ಷ ನಿಲ್ಲುತ್ತವೆ.

ಬೆಂದೂರಿಗೆ ಹೋಗುವುದಾದರೆ ಜುಲೈನಲ್ಲಿ, ಮಳೆ ಜೋರಾಗಿರುವಾಗಲೇ ಹೋಗಿ. ಗೇಟಿನಲ್ಲಿ ಅನುಮತಿ ಕೇಳಿ. ಒಳಗೆ ಪಾಠ ನಡೆಯುತ್ತಿರುತ್ತದೆ.