ಮದುಮಗನ ಪಹಣಿ

ಭಾನುವಾರ ಪಿ.ಬಿ. ರಸ್ತೆಯ ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕೂತಿದ್ದಾಗ ಮದುಮಗನ ಗೆಳೆಯರು ಒಂದು ಕಾಗದ ಹಂಚಿದರು. ಥೇಟ್ ಜಮೀನಿನ ಪಹಣಿ! ಅದೇ ಗೆರೆ, ಅದೇ ಕಲಂ. ಖರಾಬು (ಬೆಳೆ ಬಾರದ ಜಾಗ): ನೆತ್ತಿ ಭಾಗ, 2 ಗುಂಟೆ. ನೀರಿನ ಮೂಲ: ಮಾವನ ಮನೆ. ಋಣಗಳು: ಬೈಕ್ ಸಾಲ, ಬೆಣ್ಣೆ ದೋಸೆ ಬಾಕಿ. ಸ್ವಾಧೀನದಾರರ ಕಲಂನಲ್ಲಿ ಮದುಮಗಳ ಹೆಸರು, ಜಂಟಿಯಾಗಿ. ಇಂಥದ್ದರಲ್ಲಿ ಸಾಮಾನ್ಯವಾಗಿ ಬರೀ ಪೋಲಿ ಜೋಕೇ ಜಾಸ್ತಿ. ಇದನ್ನು ಮಾಡಿದ ಡಿಟಿಪಿ ಹುಡುಗ ಮಾತ್ರ ಜಾಣ.

ಎದುರಿಗೆ ಕೂತಿದ್ದ ಅಜ್ಜ ಕನ್ನಡಕ ಏರಿಸಿ ಪೂರ್ತಿ ಓದಿದರು. ನಗಲಿಲ್ಲ.

"ತಾಳಿ ಕಟ್ಟಿ ಇನ್ನೂ ತಾಸಾಗಿಲ್ಲ, ಆಗ್ಲೇ ಹುಡುಗಿ ಹೆಸ್ರು ಕೂತೈತಲ್ಲ! ಎಷ್ಟು ಕೊಟ್ರಿ?"

ಹುಡುಗ ಪ್ರೆಸ್‌ನ ರೇಟು ಕೇಳಿದರು ಅಂದುಕೊಂಡ. "ಎರಡು ಸಾವಿರ ಅಜ್ಜ."

"ಅಗ್ಗ ಆತು ಬಿಡು."

ಅಜ್ಜನ ಅಣ್ಣ ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಅಲೆದಾಟ ಇನ್ನೂ ಮುಗಿದಿಲ್ಲವಂತೆ. ಪಕ್ಕದವರು ಹೇಳಿದರು. ಅಂದಿನಿಂದ ಬಸ್ಸಲ್ಲಿ ಕೂತರೂ ಅದೇ ಮಾತು ಕಿವಿಯಲ್ಲಿ. ಎಷ್ಟು ಕೊಟ್ರಿ?

ಇದೇ ಪ್ರಶ್ನೆಗೆ ಉತ್ತರವಾಗಿ 2007ರಲ್ಲಿ ಚೆನ್ನೈನ ಫಿಫ್ತ್ ಪಿಲ್ಲರ್ ಸಂಸ್ಥೆ ಸೊನ್ನೆ ರೂಪಾಯಿ ನೋಟು ಹೊರತಂದಿತ್ತು. ಗಾಂಧಿ ಚಿತ್ರ ಎಲ್ಲಾ ಇರುತ್ತೆ, ಬೆಲೆ ಮಾತ್ರ ಇಲ್ಲ. ಲಂಚ ಕೇಳಿದವರ ಕೈಗೆ ಅದನ್ನೇ ಇಡುವುದು. ಇಂಗ್ಲೆಂಡಿನ ಅಣಕು ನೋಟಿನ ಕತೆ ಇನ್ನೂ ಘೋರ. ಅಲ್ಲಿ ಇನ್ನೂರು ವರ್ಷದ ಹಿಂದೆ ಒಂದು ಪೌಂಡಿನ ಖೋಟಾ ನೋಟು ಚಲಾಯಿಸಿದರೂ ನೇಣು. ಆ ನೋಟಿನ ನಕಲು ಮಾಡುವುದೋ ಬಲು ಸುಲಭ. ಬಡವರೇ ಸಿಕ್ಕಿಬೀಳುತ್ತಿದ್ದರು. ಹೆಂಗಸರನ್ನು ಗಲ್ಲಿಗೆ ಹಾಕಿದ್ದನ್ನು ಕಂಡ ಚಿತ್ರಕಾರ ಜಾರ್ಜ್ ಕ್ರೂಕ್‌ಶ್ಯಾಂಕ್ 1819ರಲ್ಲಿ ಬ್ಯಾಂಕ್ ನೋಟನ್ನೇ ಅಣಕಿಸಿದ. ನೋಟಿನ ಮೇಲೆ ಸಾಲಾಗಿ ನೇತಾಡುವ ಹೆಣಗಳು. ಪೌಂಡಿನ ಗುರುತು ನೇಣುಹಗ್ಗದ್ದು. ಸಹಿ ಮಾಡಿದವನು ಕೆಚ್, ಗಲ್ಲಿಗೇರಿಸುವುದಕ್ಕೇ ಹೆಸರಾದವನು!

ಕಾರ್ಟೂನ್ ಆದರೆ ನಕ್ಕು ಪುಟ ತಿರುಗಿಸುತ್ತೇವೆ. ಸರ್ಕಾರಿ ಕಾಗದದ ವೇಷ ಹಾಕಿ ಬಂದರೆ ಹಾಗಲ್ಲ, ಮೊದಲು ಎದೆ ಝಲ್ಲೆನ್ನುತ್ತೆ, ಆಮೇಲೆ ನಗು. ಕಚೇರಿ ಮೆಟ್ಟಿಲು ಸವೆಸಿದವರಿಗೆ ಆ ನಗುವೂ ಬರಲ್ಲ. ಮಂಟಪದಲ್ಲಿ ಹೊಟ್ಟೆ ಹಿಡಿದು ನಕ್ಕವರು ಕಂದಾಯ ಇಲಾಖೆಯ ಒಬ್ಬ ನೌಕರರೇ. ಮನೆಗೆ ಅಂತ ಇನ್ನೆರಡು ಪ್ರತಿ ಬೇರೆ ಇಸ್ಕೊಂಡರು!

ತನ್ನ ಚಿತ್ರದಿಂದಲೇ ಆ ನೇಣು ನಿಂತಿತು ಅಂತ ಕ್ರೂಕ್‌ಶ್ಯಾಂಕ್ ಮುಪ್ಪಿನಲ್ಲಿ ಹೇಳಿಕೊಳ್ಳುತ್ತಿದ್ದ. ಅಷ್ಟು ಸಲೀಸಾಗಿ ನಿಂತಿರಲಾರದು ಬಿಡಿ. ಆದರೂ ನಿನ್ನೆ ಡಿಟಿಪಿ ಹುಡುಗನಿಗೆ ಫೋನ್ ಮಾಡಿ, ಮುಂದಿನ ಸಲ ಪೌತಿ ಖಾತೆ ಅರ್ಜಿ ಮಾಡಪ್ಪ ಅಂದೆ.

"ಮದ್ವಿ ಮನ್ಯಾಗೆ ಪೌತಿನಾ? ನಿಮಗೇನಾಗೈತಿ ಅಣ್ಣಾ!" ಅಂತ ಇಟ್ಟೇಬಿಟ್ಟ.