ಅಜ್ಜಿಯ 42 ನಿಮಿಷ

ಕೊಡಗಿನಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುವ ದಿನ ಆಟಿ ಹದಿನೆಂಟು, ಅಂದ್ರೆ ಆಗಸ್ಟ್ 3, ಬರೋಕೆ ಇನ್ನು ಎರಡೇ ದಿನ ಇತ್ತು. ಬೆಂಗಳೂರಿನಿಂದ ಚಿಕ್ಕಮ್ಮನ ಫೋನ್. "ಮದ್ದು ಪಾಯಸ ಹೇಗೆ ಮಾಡೋದು ಅಂತ ಅಜ್ಜಿ ಹತ್ರ ಹೇಳಿಸಿ ಕಳಿಸೋ. ಮೂರು ನಿಮಿಷ ಸಾಕು."

ಅಜ್ಜಿ ಯಾವತ್ತೂ ಮೂರು ನಿಮಿಷದಲ್ಲಿ ಏನನ್ನೂ ಹೇಳಿ ಮುಗಿಸಿದವರಲ್ಲ. ರೆಕಾರ್ಡಿಂಗ್ ನಿಲ್ಲಿಸಿದಾಗ 42 ನಿಮಿಷ ಆಗಿತ್ತು. ಮದ್ದು ಸೊಪ್ಪು ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗೋದರ ಜೊತೆಗೆ ನಾಟಿ ಕೆಲಸ, ಆಳುಗಳ ಕೂಲಿ, ಎಂದೋ ಸತ್ತ ಹಸು, ಎಲ್ಲಾ ಬಂದಿದ್ದವು. ನಡುನಡುವೆ ಕೆಮ್ಮು. ಹಿಂದೆ ಶೀಟಿನ ಮೇಲೆ ಮಡಿಕೇರಿ ಕಡೆಯ ಮಳೆ.

ನನ್ನ ಹತ್ತಿರ ಇದ್ದದ್ದು ಆಫೀಸಿನ ಲ್ಯಾಪ್‌ಟಾಪ್. ಅದರಲ್ಲಿ ಧ್ವನಿ ಕತ್ತರಿಸಿ ಜೋಡಿಸುವ ಆಡಾಸಿಟಿಯಂಥ ಸಾಫ್ಟ್‌ವೇರ್ ಹಾಕಿಕೊಳ್ಳೋಕೆ ಬಿಡೋದಿಲ್ಲ. ಹಾಗಾಗಿ ಬ್ರೌಸರ್‌ನಲ್ಲೇ ಕೆಲಸ ಮಾಡುವ ಒಂದು ಎಡಿಟರ್ ಹುಡುಕಿದೆ. ಫೈಲ್ ಬರೀ 40 ಎಂಬಿ. ಆದರೂ ಟ್ಯಾಬ್ ಒದ್ದಾಡಿ ಸತ್ತೇ ಹೋಯಿತು! ಆಮೇಲೆ ಲೆಕ್ಕ ಹಾಕಿದೆ. ಕುಗ್ಗಿಸಿಟ್ಟ ಫೈಲನ್ನು ಬ್ರೌಸರ್ ಪೂರ್ತಿ ಬಿಚ್ಚಿ ಮೆಮೊರಿಯಲ್ಲಿ ಹರಡಿಕೊಳ್ಳುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್, ಅಂದ್ರೆ ಧ್ವನಿಯ ಅಳತೆಗಳು, ಒಂದೊಂದಕ್ಕೂ 4 ಬೈಟ್, ಎಡ-ಬಲ ಎರಡು ಚಾನೆಲ್. 42 ನಿಮಿಷಕ್ಕೆ ಹತ್ತಿರ ಹತ್ತಿರ 1 ಜಿಬಿ. ಫೋನಿನಲ್ಲೇ ಮೊದಲು 10 ನಿಮಿಷಕ್ಕೆ ಇಳಿಸಿಕೊಂಡು ಮತ್ತೆ ಹಾಕಿದೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆ ಟವರೂ ಹೋಯಿತು. ಮುಗೀತು ಕತೆ ಅಂದುಕೊಂಡರೆ ಪೇಜ್ ಆರಾಮಾಗಿ ನಡೆಯುತ್ತಲೇ ಇತ್ತು. ಅಜ್ಜಿಯ ಧ್ವನಿ ಯಾವ ಸರ್ವರಿಗೂ ಹೋಗದೆ ನನ್ನ ಮಡಿಲಲ್ಲೇ ಇದೆ ಅಂತ ಆಗ ಗೊತ್ತಾಯಿತು. ಎಲ್ಲಾ ಎಡಿಟರ್‌ಗಳೂ ಹೀಗಲ್ಲ, ಕೆಲವು ಫೈಲನ್ನು ಅಪ್‌ಲೋಡ್ ಮಾಡಿಸಿಕೊಂಡೇ ಕೆಲಸ ಶುರು ಮಾಡುತ್ತವೆ.

ಕತ್ತರಿಸೋದು ಸುಲಭ. ಅಲೆಅಲೆಯಾಗಿ ಕಾಣುವ ಗೆರೆಯ ಮೇಲೆ ಎಳೆದು ಗುರುತು ಮಾಡು, ಡಿಲೀಟ್ ಒತ್ತು. ಮೊದಮೊದಲು ಕತ್ತರಿಸಿದಲ್ಲೆಲ್ಲ 'ಟಕ್' ಅಂತ ಸದ್ದು ಬರುತ್ತಿತ್ತು. ಹಿಗ್ಗಿಸಿ ನೋಡಿ, ಅಲೆ ನಡುಗೆರೆ ದಾಟುವ ಜಾಗದಲ್ಲಿ ಕತ್ತರಿಸಿದರೆ ಆ ಸದ್ದು ನಿಂತಿತು. ನಿಲ್ಲದೆ ಕಾಡಿದ್ದು ಮಳೆ. ಮಾತು ನೀಟಾಗಿ ಸೇರಿಕೊಂಡರೂ ಹಿಂದಿನ ಮಳೆ ಸೇರುತ್ತಿರಲಿಲ್ಲ. ಜೋರು ಹೊಯ್ಯುತ್ತಿದ್ದದ್ದು ತಟ್ಟನೆ ಜಿಟಿಜಿಟಿ, ಮರುಕ್ಷಣ ಮತ್ತೆ ಧೋ. ಯಾರೋ ಮೋಡಕ್ಕೆ ಸ್ವಿಚ್ ಹಾಕಿದ ಹಾಗೆ. ಮಳೆಯನ್ನೇ ತೆಗೆದುಬಿಡೋಣ ಅಂತ ನಾಯ್ಸ್ ರಿಡಕ್ಷನ್ ಒತ್ತಿದರೆ ಅಜ್ಜಿ ಕೊಡದೊಳಗೆ ಕೂತು ಮಾತಾಡಿದಂತಾಯಿತು. ಅದು ಬೇಡವೇ ಬೇಡ. ಕೊನೆಗೆ ಎರಡು ತುಂಡುಗಳನ್ನು ಅರ್ಧ ಸೆಕೆಂಡಿನಷ್ಟು ಒಂದರ ಮೇಲೊಂದು ಹಾಯಿಸಿ, ಒಂದು ಇಳಿಯುತ್ತಾ ಇನ್ನೊಂದು ಏರುವಂತೆ ಕ್ರಾಸ್‌ಫೇಡ್ ಮಾಡಿದೆ. ಮಳೆ ಒಂದೇ ಮಳೆಯಾಯಿತು.

ಕುಗ್ಗಿಸದ ವೇವ್ ಫೈಲಾಗಿ ಇಳಿಸಿದರೆ 30 ಎಂಬಿ ದಾಟಿತು. ಎಂಪಿ3 ಮಾಡಿದೆ, 3 ಎಂಬಿಗೆ ಬಂತು. ಟವರ್ ಬಂದ ಕೂಡಲೇ ಕಳಿಸುವ ಮುಂಚೆ ಅಜ್ಜಿಗೆ ಒಮ್ಮೆ ಕೇಳಿಸಿದೆ. ನನಗೆ ಒಳಗೊಳಗೇ ಸ್ವಲ್ಪ ಜಂಬ.

ಅಜ್ಜಿ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

"ಬೆಲ್ಲ ಎಲ್ಲಿ ಹೋಯ್ತೋ?"

ಬೆಲ್ಲದ ಮಾತು ಎರಡು ಕೆಮ್ಮಿನ ನಡುವೆ ಇತ್ತು. ಕೆಮ್ಮಿನ ಜೊತೆ ಅದನ್ನೂ ಎತ್ತಿ ಬಿಸಾಕಿದ್ದೆ. ಪುಣ್ಯಕ್ಕೆ ಫೋನಿನಲ್ಲಿ 42 ನಿಮಿಷವೂ ಹಾಗೇ ಇತ್ತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಮಾತ್ರ 11 ಪರ್ಸೆಂಟ್.